ದುಬಾರಿ ದುರ್ಬೀನು ಬೇಟೆಗಾರನಿಗೆ ಬೇಕೇ? ಮೊದಲು ಹೊತ್ತು ನೋಡಿ, ಆಮೇಲೆ ಬೆಲೆ

ಹತ್ತು ಪಟ್ಟು ಹಣ ಕೊಟ್ಟು ತಂದ ದುರ್ಬೀನಿನಲ್ಲಿ ಜಿಂಕೆ ಹತ್ತು ಪಟ್ಟು ಚೆನ್ನಾಗಿ ಕಾಣುವುದಿಲ್ಲ. ಮಟಮಟ ಮಧ್ಯಾಹ್ನ, 200 ಮೀಟರ್ ದೂರದ ಪೊದೆಯತ್ತ ಮಧ್ಯಮ ದರ್ಜೆಯ ಒಂದು 8×42 (ಎಂಟು ಪಟ್ಟು ಹತ್ತಿರ ತರುವ) ದುರ್ಬೀನನ್ನು ಹಿಡಿಯಿರಿ, ಆಮೇಲೆ ಸ್ವರೋವ್ಸ್ಕಿ, ಝೈಸ್ ಅಥವಾ ಲೈಕಾ ಕಂಪನಿಯ ಮೇಲ್ದರ್ಜೆಯ 8×42 ಹಿಡಿಯಿರಿ. ಪಳಗದ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. "ಇದೆಲ್ಲ ಬರೀ ಹೆಸರಿಗೆ ಕೊಡುವ ದುಡ್ಡು" ಎಂಬ ಮಾತು ಹುಟ್ಟುವುದು ಇಂಥ ಹೋಲಿಕೆಯಿಂದಲೇ. ಆದರೆ ಆ ಹೋಲಿಕೆ ನಡೆದ ಹೊತ್ತೇ ತಪ್ಪು. ಬೇಟೆಯ ಪ್ರಾಣಿಗಳು ಹೆಚ್ಚಾಗಿ ಕಾಡಿನಂಚಿಗೆ ಬರುವುದು ನಸುಕಿನಲ್ಲಿ, ಇಲ್ಲವೇ ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ. ದುಬಾರಿ ಗಾಜು ತನ್ನ ಬೆಲೆಯನ್ನು ದುಡಿದುಕೊಡುವುದಿದ್ದರೆ ಆ ಹೊತ್ತಿನಲ್ಲೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ದರ್ಜೆಯಿಂದ ಮಧ್ಯಮ ದರ್ಜೆಗೆ ಏರಲು ಕೊಡುವ ಪ್ರತಿ ಕಾಸಿಗೂ ಬೆಲೆಯಿದೆ. ಮಧ್ಯಮದಿಂದ ಮೇಲ್ದರ್ಜೆಗೆ ಹೋಗುವಾಗ ಬೆಲೆ ಎರಡು ಮೂರು ಪಟ್ಟು ಹಾರುತ್ತದೆ, ನೋಟ ಸುಧಾರಿಸುವುದು ಮಾತ್ರ ಸ್ವಲ್ಪವೇ ಸ್ವಲ್ಪ. ಆ ಸ್ವಲ್ಪಕ್ಕೆ ಹಣ ಕೊಡಬೇಕಾದವರು ಕೆಲವರು ಇದ್ದಾರೆ. ಉಳಿದವರು ಮೊದಲು ಸರಿಯಾದ ಅಳತೆ ಆರಿಸಿ, ಒಂದು ಟ್ರೈಪಾಡ್ ಕೊಂಡುಕೊಳ್ಳಲಿ.

ಅಳತೆಯಿಂದಲೇ ಶುರುಮಾಡೋಣ, ಏಕೆಂದರೆ ಅದಕ್ಕೆ ಹೆಚ್ಚು ಖರ್ಚಿಲ್ಲ. 10×42 ಎಂದರೆ ಹತ್ತು ಪಟ್ಟು ಹತ್ತಿರ ತರುವ, ಮುಂದಿನ ಲೆನ್ಸ್ 42 ಮಿ.ಮೀ. ಇರುವ ದುರ್ಬೀನು. 42ನ್ನು 10ರಿಂದ ಭಾಗಿಸಿದರೆ 4.2. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿ.ಮೀ. 8×42ರಲ್ಲಿ ಅದು 5.25, 8×56ರಲ್ಲಿ 7. ಕತ್ತಲಲ್ಲಿ ಎಳೆಯರ ಕಣ್ಣಪಾಪೆ 7 ಮಿ.ಮೀ.ವರೆಗೂ ಅರಳುತ್ತದೆ, ವಯಸ್ಸಾದಂತೆ ಕುಗ್ಗುತ್ತ ಹಲವರಲ್ಲಿ 5ರ ಆಸುಪಾಸಿಗೆ ನಿಲ್ಲುತ್ತದೆ. ಪಾಪೆ 5 ಮಿ.ಮೀ. ಮಾತ್ರ ಅರಳುವವನ ಕೈಗೆ 8×56 ಕೊಟ್ಟರೆ, ಅವನ ಕಣ್ಣಿನೊಳಗೆ ಹೋಗುವುದು 8×40 ದುರ್ಬೀನು ಕೊಡುವಷ್ಟೇ ಬೆಳಕು. ಮಿಕ್ಕಿದ್ದು ಪಾಪೆಯ ಸುತ್ತ ಬಿದ್ದು ವ್ಯರ್ಥ. ಕಿಲೋಗಿಂತ ಹೆಚ್ಚು ತೂಕ ಹೊತ್ತದ್ದಕ್ಕೆ ಸಿಗುವ ಲಾಭವೆಂದರೆ ಕಣ್ಣು ಕೊಂಚ ಆಚೀಚೆ ಸರಿದರೂ ಚಿತ್ರ ಕಪ್ಪಾಗುವುದಿಲ್ಲ, ಅಷ್ಟೇ.

ಈಗ ಒಂದು ಲೆಕ್ಕ ನೋಡಿ. ಮಧ್ಯಮ ದರ್ಜೆಯ ಒಳ್ಳೆಯ ದುರ್ಬೀನು ಒಳಬಂದ ಬೆಳಕಿನಲ್ಲಿ ಸುಮಾರು 85ರಿಂದ 88 ಶೇಕಡಾ ಕಣ್ಣಿಗೆ ತಲುಪಿಸುತ್ತದೆ, ಮೇಲ್ದರ್ಜೆಯದು 90ರಿಂದ 95. ಆ ಐದಾರು ಶೇಕಡಾ ಬೆಳಕಿನ ವ್ಯತ್ಯಾಸ ಬರಿಗಣ್ಣಿಗೆ ಗುರುತು ಸಿಗುವುದೇ ಕಷ್ಟ. ಅದೇ ನೀವು 10×42 ಬಿಟ್ಟು 8×42 ತೆಗೆದುಕೊಂಡರೆ ಬಿಲ್ಲೆಯ ವಿಸ್ತೀರ್ಣ 56 ಶೇಕಡಾ ದೊಡ್ಡದಾಗುತ್ತದೆ. ಪಾಪೆ ಅಷ್ಟು ಅರಳುವವರಿಗೆ ಚಿತ್ರ ಅಷ್ಟೇ ಹೆಚ್ಚು ಬೆಳಗುತ್ತದೆ. ಹಾಗೆಂದು ಹತ್ತು ಪಟ್ಟಿನದು ಕೆಲಸಕ್ಕೆ ಬಾರದು ಎಂದಲ್ಲ. ಸಂಜೆಗತ್ತಲಲ್ಲೂ ದೊಡ್ಡದಾಗಿ ಕಂಡ ಕೊಂಬಿನಲ್ಲಿ ಕವಲು ಎಣಿಸುವುದು ಸುಲಭ. ಆದರೆ "ಬೆಳಕು ಹೆಚ್ಚು ಬೇಕು" ಎಂಬ ಒಂದೇ ಕಾರಣಕ್ಕೆ ದುಬಾರಿ 10×42 ಕೊಳ್ಳುವವರು, ಅಗ್ಗವಾಗಿ ಸಿಗಬಹುದಾದ ಉತ್ತರವನ್ನು ಬಿಟ್ಟು ದುಬಾರಿಯದರ ಬೆನ್ನು ಹತ್ತಿದ್ದಾರೆ.

ಹಾಗಾದರೆ ಆ ಹೆಚ್ಚಿನ ಹಣ ಹೋಗುವುದು ಎಲ್ಲಿಗೆ? ಪ್ರಿಸಂಗೆ (ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಗಾಜಿನ ತುಂಡು), ಲೇಪನಗಳಿಗೆ, ಒಳಗಿನ ಕಪ್ಪಿಗೆ, ತಿರುಪು-ಕೀಲುಗಳಿಗೆ.

ಲೇಪನವಿಲ್ಲದ ಗಾಜಿನ ಪ್ರತಿ ಮುಖವೂ ನಾಲ್ಕು ಶೇಕಡಾದಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ದುರ್ಬೀನಿನೊಳಗೆ ಗಾಳಿಗೆ ತೆರೆದ ಹನ್ನೆರಡು ಮುಖಗಳಿದ್ದರೆ ಕೊನೆಗೆ ಉಳಿಯುವುದು ಅರವತ್ತರ ಆಚೀಚೆ ಶೇಕಡಾ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಲೇಪನ ಕಂಡುಹಿಡಿದದ್ದು ಈ ಸೋರಿಕೆ ನಿಲ್ಲಿಸಲು. ಇವತ್ತು ಮಧ್ಯಮ ದರ್ಜೆಯಲ್ಲೂ ಎಲ್ಲ ಮುಖಗಳಿಗೂ ಹಲವು ಪದರದ ಲೇಪನ ಇರುತ್ತದೆ. ಪೆಟ್ಟಿಗೆಯ ಮೇಲೆ ಬರೀ "ಲೇಪಿತ" ಎಂದಿದ್ದರೆ ಯಾವುದೋ ಒಂದೆರಡು ಮುಖಕ್ಕೆ ಮಾತ್ರ ಬಳಿದಿರಬಹುದು. "ಎಲ್ಲ ಮುಖಗಳಿಗೂ ಬಹುಪದರ" ಎಂದಿದೆಯೇ ನೋಡಿ.

ಪ್ರಿಸಂ ಇನ್ನೂ ಮುಖ್ಯ. ನೇರ ಕೊಳವೆಯ ಹೆಚ್ಚಿನ ದುರ್ಬೀನುಗಳಲ್ಲಿ ಇರುವುದು ಶ್ಮಿಟ್-ಪೆಶಾನ್ ಪ್ರಿಸಂ. ಅದರ ಒಂದು ಮುಖದಲ್ಲಿ ಬೆಳಕು ತಾನಾಗಿ ಪೂರ್ತಿ ಪ್ರತಿಫಲಿಸುವುದಿಲ್ಲ, ಕನ್ನಡಿಲೇಪ ಬೇಕು. ಅಲ್ಯೂಮಿನಿಯಂ ಹಚ್ಚಿದರೆ ಅಗ್ಗ, ಬೆಳಕು ನಷ್ಟ. ಬೆಳ್ಳಿ ಅದಕ್ಕಿಂತ ವಾಸಿ. ಲೋಹವಿಲ್ಲದ ತೆಳು ಡೈಎಲೆಕ್ಟ್ರಿಕ್ ಪದರಗಳಾದರೆ 99 ಶೇಕಡಾಕ್ಕಿಂತ ಹೆಚ್ಚು ಮರಳುತ್ತದೆ. ಅಬ್ಬೆ-ಕೋನಿಗ್ ಪ್ರಿಸಂಗೆ ಈ ಕನ್ನಡಿಲೇಪವೇ ಬೇಡ, ಆದರೆ ಉದ್ದ ಮತ್ತು ತೂಕ ಹೆಚ್ಚು. ಅದಕ್ಕೇ ಅದು ಸಂಜೆಬೇಟೆಯ ದೊಡ್ಡ ದುರ್ಬೀನುಗಳಲ್ಲಿ ಸಿಗುತ್ತದೆ. ಇವೆರಡರಲ್ಲೂ ಬೆಳಕು ಚಾವಣಿಯಂಥ ಅಂಚಿನಲ್ಲಿ ಎರಡು ಪಾಲಾಗಿ ಮತ್ತೆ ಕೂಡುತ್ತದೆ. ಕೂಡುವಾಗ ಅಲೆಗಳು ಹೊಂದದೆ ಚಿತ್ರ ಮಂಕಾಗುತ್ತದೆ. ಇದನ್ನು ಸರಿಪಡಿಸುವ ಫೇಸ್ ಲೇಪನವನ್ನು ಝೈಸ್ 1988ರಲ್ಲಿ ತಂದಿತು. ಫೇಸ್ ಲೇಪನವಿಲ್ಲದ ನೇರ ಕೊಳವೆಯ ದುರ್ಬೀನನ್ನು ಯಾವ ಬೆಲೆಗೂ ಕೊಳ್ಳಬೇಡಿ. ಹಣ ತೀರಾ ಕಡಿಮೆಯಿದ್ದರೆ ಭುಜ ಅಗಲಿಸಿ ಕುಳಿತಂತಿರುವ ಹಳೆಯ ಪೋರೋ ವಿನ್ಯಾಸವೇ ಲೇಸು. ಅದಕ್ಕೆ ಕನ್ನಡಿಲೇಪವೂ ಬೇಡ, ಫೇಸ್ ಲೇಪನವೂ ಬೇಡ, ಅದೇ ಹಣಕ್ಕೆ ಚಿತ್ರ ಹೆಚ್ಚು ಚೊಕ್ಕ. ಮಳೆಗೆ ಮಾತ್ರ ಅದು ಸ್ವಲ್ಪ ಮೆದು.

ಇನ್ನು ಒಳಗಿನ ಕಪ್ಪು. ಇದರ ಬಗ್ಗೆ ಜಾಹೀರಾತುಗಳು ಮಾತಾಡುವುದಿಲ್ಲ, ಬೇಟೆಗಾರನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಇದೇ. ಸೂರ್ಯ ಗುಡ್ಡದ ನೆತ್ತಿಗೆ ಎರಡು ಬೆರಳು ಮೇಲಿದ್ದಾನೆ, ಹಂದಿ ಅದೇ ಗುಡ್ಡದ ನೆರಳಿನಲ್ಲಿದೆ ಎಂದುಕೊಳ್ಳಿ. ಅಗ್ಗದ ದುರ್ಬೀನಿನಲ್ಲಿ ಓರೆಯಾಗಿ ನುಗ್ಗಿದ ಬೆಳಕು ಕೊಳವೆಯ ಗೋಡೆಗೆ, ಲೆನ್ಸಿನ ಅಂಚಿಗೆ ತಾಗಿ ಚೆದುರಿ, ಚಿತ್ರದ ಮೇಲೆ ಹಾಲು ಚೆಲ್ಲಿದಂತೆ ಹರಡುತ್ತದೆ. ನೆರಳಿನ ಭಾಗ ಬೂದಿಬಣ್ಣವಾಗಿ ಹಂದಿ ಅದರಲ್ಲೇ ಕರಗಿಹೋಗುತ್ತದೆ. ಮೇಲ್ದರ್ಜೆಯವುಗಳಲ್ಲಿ ಲೆನ್ಸಿನ ಅಂಚುಗಳಿಗೆ ಕಪ್ಪು ಬಳಿದಿರುತ್ತಾರೆ, ಕೊಳವೆಯೊಳಗೆ ಬೆಳಕು ತಡೆಯುವ ಬಳೆಗಳಿರುತ್ತವೆ, ಹಾಗಾಗಿ ನೆರಳು ನೆರಳಾಗಿಯೇ ಉಳಿಯುತ್ತದೆ. ಎಲ್ಲ ದುಬಾರಿ ಮಾದರಿಗಳೂ ಇದರಲ್ಲಿ ಸಮನಲ್ಲ, ಬೆಲೆ ನೋಡಿ ನಂಬಬಾರದು. ಪರೀಕ್ಷೆ ಸುಲಭ: ಸಂಜೆ ಯಾವುದಾದರೂ ಕಟ್ಟಡದ ಮರೆಯಲ್ಲಿ ಸೂರ್ಯನನ್ನು ಅಡಗಿಸಿ ನಿಂತು, ಅದರ ಪಕ್ಕದ ನೆರಳನ್ನು ನೋಡಿ. ಸೂರ್ಯನತ್ತ ನೇರವಾಗಿ ಎಂದೂ ಬೇಡ, ಕಣ್ಣು ಹೋಗುತ್ತದೆ.

ಮತ್ತೆರಡು ಪರೀಕ್ಷೆಗಳನ್ನು ಕೊಳ್ಳುವ ಮೊದಲು ಮಾಡಲೇಬೇಕು. ದುರ್ಬೀನನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಆಕಾಶದತ್ತ ತಿರುಗಿಸಿದರೆ ಕಣ್ಣಗಾಜಿನಲ್ಲಿ ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ದುಂಡಗಿರಬೇಕು, ಸುತ್ತ ಕಪ್ಪಿರಬೇಕು. ಅಂಚು ಕತ್ತರಿಸಿದಂತಿದ್ದರೆ ಪ್ರಿಸಂ ಬೆಳಕನ್ನು ನುಂಗುತ್ತಿದೆ, ಸುತ್ತ ಬಿಳಿ ಚೂರುಗಳಿದ್ದರೆ ಒಳಗೆ ಬೆಳಕು ಚೆದುರುತ್ತಿದೆ. ಇನ್ನೊಂದು, ಎರಡು ಕೊಳವೆಗಳ ಹೊಂದಾಣಿಕೆ. ದೂರದ ಮಾಡಿನ ಅಡ್ಡಗೆರೆಯನ್ನು ನೋಡುತ್ತ ದುರ್ಬೀನನ್ನು ನಿಧಾನವಾಗಿ ಕಣ್ಣಿನಿಂದ ಹಿಂದಕ್ಕೆ ಸರಿಸಿ. ಎಡಬಲದ ಗೆರೆಗಳು ಮೇಲೆಕೆಳಗಾದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಸ್ವಲ್ಪ ಹೊಂದದಿದ್ದರೂ ಕಣ್ಣಿನ ಸ್ನಾಯುಗಳು ಎಳೆದಾಡಿ ಎರಡು ಚಿತ್ರ ಒಂದು ಮಾಡುತ್ತವೆ, ಅರ್ಧ ಗಂಟೆಯಲ್ಲಿ ತಲೆನೋವು ಗ್ಯಾರಂಟಿ. ಅಗ್ಗದವು ಒಂದು ಪೆಟ್ಟು ಬಿದ್ದರೆ ಈ ಹೊಂದಾಣಿಕೆ ಕಳೆದುಕೊಳ್ಳುತ್ತವೆ. ಚಳಿಗೆ ಒಳಗಿನ ಗ್ರೀಸ್ ಗಟ್ಟಿಯಾಗಿ ಫೋಕಸ್ ಚಕ್ರವೂ ಬಿಗಿಯುತ್ತದೆ. ದುಬಾರಿ ದುರ್ಬೀನಿನ ಹಣದಲ್ಲಿ ದೊಡ್ಡ ಪಾಲು ಈ ಗಟ್ಟಿತನಕ್ಕೇ ಹೋಗುತ್ತದೆ, ಅದು ಇಪ್ಪತ್ತು ವರ್ಷ ಬಳಸಿದ ಮೇಲೆ ತಿಳಿಯುವ ಸಂಗತಿ.

ದುಬಾರಿ ದುರ್ಬೀನು ಕೊಂಡೂ ಚಿತ್ರ ಚೂಪಾಗಿಲ್ಲ ಎನ್ನುವವರಲ್ಲಿ ಬಹಳಷ್ಟು ಜನ ಡಯಾಪ್ಟರ್ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ತಿರುಗುಬಳೆ) ಹೊಂದಿಸಿರುವುದಿಲ್ಲ. ಸಾಮಾನ್ಯ ಮಾದರಿಯಲ್ಲಿ ಬಲಬದಿಯ ಮುಂದಿನ ಲೆನ್ಸ್ ಮುಚ್ಚಿ, ಎರಡೂ ಕಣ್ಣು ತೆರೆದೇ ಇಟ್ಟು, ದೂರದ ಒಂದು ಬರಹಕ್ಕೆ ನಡುವಿನ ಚಕ್ರದಿಂದ ಎಡಗಣ್ಣಿಗೆ ಫೋಕಸ್ ಮಾಡಿ. ಆಮೇಲೆ ಎಡಬದಿ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಡಯಾಪ್ಟರ್ ತಿರುಗಿಸಿ ಬಲಗಣ್ಣಿಗೆ ಅದೇ ಬರಹವನ್ನು ಚೂಪು ಮಾಡಿ. ಒಂದು ಕಣ್ಣು ಕಿರಿದುಮಾಡಿ ಹೊಂದಿಸಿದರೆ ಅಳತೆ ತಪ್ಪುತ್ತದೆ. ಕನ್ನಡಕದವರು ಕಣ್ಣಬಟ್ಟಲು (ಕಣ್ಣಗಾಜಿನ ಸುತ್ತಲಿನ ಬಳೆ) ಪೂರ್ತಿ ಒಳಗೆ ತಿರುಗಿಸಿ, ಕಣ್ಣಿಗೂ ಗಾಜಿಗೂ ಕನಿಷ್ಠ 15 ಮಿ.ಮೀ. ಅಂತರ ಸಿಗುವ ಮಾದರಿಯನ್ನೇ ಆರಿಸಬೇಕು. ಕನ್ನಡಕವಿಲ್ಲದವರಿಗೆ ಬಟ್ಟಲು ಗಿಡ್ಡವಾದರೆ ನೋಟದಲ್ಲಿ ಅವರೆಕಾಳಿನಾಕಾರದ ಕಪ್ಪು ನೆರಳು ಆಡುತ್ತಿರುತ್ತದೆ. ಮುಖಕ್ಕೆ ಕೂಡದ ದುರ್ಬೀನು ಎಷ್ಟೇ ದುಬಾರಿಯಾದರೂ ನಿಮ್ಮದಲ್ಲ.

ಟ್ರೈಪಾಡ್ ಮಾತಿಗೆ ಬರುತ್ತೇನೆ. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಕೈನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಮಧ್ಯಮ ದರ್ಜೆಯ 10×42 ಅನ್ನು ಟ್ರೈಪಾಡ್ ಮೇಲೆ ಕೂರಿಸಿ ಎದುರು ಗುಡ್ಡ ನೋಡಿ, ಪಕ್ಕದಲ್ಲಿ ಅತಿ ದುಬಾರಿಯ 10×42 ಅನ್ನು ಕೈಯಲ್ಲಿ ಹಿಡಿದು ನೋಡಿ. ಮೊದಲನೆಯದರಲ್ಲಿ ಕಿವಿ ಅಲುಗಿದ್ದು ಕಾಣುತ್ತದೆ. ಹಲವು ದುರ್ಬೀನುಗಳ ನಡುಗೀಲಿನ ಮುಂದಿನ ಮುಚ್ಚಳ ತೆಗೆದರೆ ಕಾಲಿಂಚಿನ ತಿರುಪುರಂಧ್ರ ಸಿಗುತ್ತದೆ, ಅದಕ್ಕೆ ಅಡಾಪ್ಟರ್ ಹಾಕಬೇಕು. ಕುಳಿತ ಕಣ್ಣಿನ ಎತ್ತರಕ್ಕೆ ಕಾಲುಗಳನ್ನು ಅಗಲಿಸಿ, ನಡುಗಂಬ ಎತ್ತಬೇಡಿ, ಎತ್ತಿದಷ್ಟೂ ಗಾಳಿಗೆ ತುಯ್ಯುತ್ತದೆ. ಒಂದು ನೋಟದಲ್ಲಿ ನಿಲ್ಲಿಸಿ, ಇಡೀ ಪ್ರಾಣಿಯನ್ನು ಹುಡುಕದೆ, ಮರಗಳ ಲಂಬ ಗೆರೆಗಳ ನಡುವೆ ಅಡ್ಡ ಬಿದ್ದ ಬೆನ್ನಿನ ಗೆರೆ, ಕಿವಿಯ ತುದಿ, ಕಾಲಿನ ಮಡಿಕೆ ಹುಡುಕಿ. ಆಮೇಲೆ ಹಿಂದಿನ ನೋಟದ ಮೂರನೇ ಒಂದು ಭಾಗ ಉಳಿಯುವಂತೆ ಪಕ್ಕಕ್ಕೆ ಸರಿಸಿ. ಇಲ್ಲಿ ಮೇಲ್ದರ್ಜೆಯ ಅಗಲ ನೋಟ ನೆರವಾಗುತ್ತದೆ: 1000 ಮೀಟರ್ ದೂರದಲ್ಲಿ 100 ಮೀಟರ್ ಅಗಲ ತೋರುವುದಕ್ಕಿಂತ 130 ಮೀಟರ್ ತೋರುವ ದುರ್ಬೀನು ಒಂದೇ ಸಲಕ್ಕೆ ಸುಮಾರು 70 ಶೇಕಡಾ ಹೆಚ್ಚು ಜಾಗ ಕೊಡುತ್ತದೆ. ಹೊತ್ತೇರಿ ನೆಲ ಕಾದು ಗಾಳಿ ಕುದಿಯತೊಡಗಿದ ಮೇಲೆ ಮಾತ್ರ ಯಾವ ಗಾಜೂ ನಡೆಯುವುದಿಲ್ಲ.

ಹಾಗಾಗಿ ದಟ್ಟ ಕಾಡಿನಲ್ಲಿ ನೂರು ಮೀಟರ್ ಒಳಗೇ ನೋಡುವವನಿಗೆ ಮಧ್ಯಮ ದರ್ಜೆಯ 8×32 ಅಥವಾ 8×42 ಧಾರಾಳ ಸಾಕು. ಬಿಲ್ಲು ಹಿಡಿದವನಿಗಂತೂ ಹಗುರವಾದದ್ದೇ ಸರಿ. ಗುಡ್ಡದ ಮೇಲೆ ದಿನಕ್ಕೆ ಐದಾರು ಗಂಟೆ ಕುಳಿತು ಎದುರಿನ ಇಳಿಜಾರು ಜಾಲಾಡುವವನು, ಅಟ್ಟಣಿಗೆ ಮೇಲೆ ಕೊನೆಯ ಬೆಳಕಿನವರೆಗೂ ಕಾಯುವವನು, ಇವರಿಬ್ಬರು ಮೇಲ್ದರ್ಜೆಯದನ್ನು ಕೊಳ್ಳಲಿ. ಅವರಿಗೆ ಅದು ಶೋಕಿಯಲ್ಲ. ಕಣ್ಣು ದಣಿಯದಿರುವುದು, ಮಬ್ಬಿನಲ್ಲಿ ತಾಯಿಪ್ರಾಣಿಯನ್ನೂ ಗಂಡನ್ನೂ ಬೇರೆಮಾಡಿ ಗುರುತಿಸುವುದು, ಪ್ರಾಣಿಯ ಹಿಂದೆ ಏನಿದೆ ಎಂದು ಕಾಣುವುದು, ಇವೆಲ್ಲ ಗುಂಡು ಹಾರುವ ಮೊದಲೇ ತೀರ್ಮಾನವಾಗಬೇಕಾದ ವಿಷಯಗಳು. ಕೋವಿಯ ಸ್ಕೋಪಿನಲ್ಲಿ ಹುಡುಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸ್ಕೋಪ್ ಎತ್ತಿದಾಗಲೆಲ್ಲ ನಳಿಗೆಯೂ ಅತ್ತಲೇ ತಿರುಗಿರುತ್ತದೆ, ಅಲ್ಲಿ ಇರುವುದು ಮನುಷ್ಯನೇ ಆಗಿರಬಹುದು. ಅಗ್ಗದ್ದೋ ದುಬಾರಿಯದೋ, ದುರ್ಬೀನಿಲ್ಲದೆ ಕಾಡಿಗೆ ಹೋಗಕೂಡದು.

ಲೇಸರ್ ದೂರಮಾಪಕ ಸೇರಿಸಿದ ದುರ್ಬೀನುಗಳ ಬಗ್ಗೆ ನನಗೆ ಹೆಚ್ಚು ಒಲವಿಲ್ಲ. ಗಾಜು ದಶಕಗಟ್ಟಲೆ ಬಾಳುತ್ತದೆ, ಎಲೆಕ್ಟ್ರಾನಿಕ್ ಭಾಗ ಅಷ್ಟು ಬಾಳುವುದಿಲ್ಲ. ಮಾಪಕ ಬೇರೆಯಾಗಿರಲಿ.

ಕೊಂಡ ಮೇಲೆ ಹೆಚ್ಚು ದುರ್ಬೀನುಗಳು ಕೆಡುವುದು ಒರೆಸುವುದರಿಂದ. ಗಾಜಿನ ಮೇಲಿನ ದೂಳಿನಲ್ಲಿ ಮರಳಿನ ಕಣ ಇರುತ್ತದೆ, ಅಂಗಿಯ ಚುಂಗಿನಿಂದ ಉಜ್ಜಿದರೆ ಲೇಪನಕ್ಕೆ ಗೀರು. ಮೊದಲು ಗಾಳಿಬುರುಡೆಯಿಂದ ಊದಿ, ಮೆದು ಕುಂಚದಿಂದ ಸವರಿ, ಕೊನೆಗೆ ಲೆನ್ಸ್ ದ್ರವ ಹಾಕಿದ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿ. ನೈಟ್ರೋಜನ್ ತುಂಬಿದ್ದರೆ ಒಳಗೆ ಮಂಜು ಕಟ್ಟುವುದಿಲ್ಲ, ಹೊರಗೆ ಕಟ್ಟಿಯೇ ಕಟ್ಟುತ್ತದೆ. ಚಳಿಯಿಂದ ಬೆಚ್ಚಗಿನ ಕೋಣೆಗೆ ತಂದಾಗ ಚೀಲ ಮುಚ್ಚಿಯೇ ಒಂದೆರಡು ಗಂಟೆ ಬಿಡಿ. ತೇವದ ಸೀಮೆಯಲ್ಲಿ ಚರ್ಮದ ಪೆಟ್ಟಿಗೆಯಲ್ಲಿ ಇಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಿ, ಜೆಲ್ ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಿ. ಹಳೆಯ ಮೇಲ್ದರ್ಜೆಯ ದುರ್ಬೀನು ಕೈಬದಲಾಗಿ ಸಿಗುತ್ತಿದ್ದರೆ ಮೊದಲು ಮುಂದಿನ ಲೆನ್ಸಿನ ಕಡೆಯಿಂದ ಟಾರ್ಚ್ ಹಾಯಿಸಿ ಒಳಗೆ ಜೇಡರಬಲೆಯಂಥ ಎಳೆಗಳಿವೆಯೇ ನೋಡಿ. ಅದು 1988ಕ್ಕಿಂತ ಮುಂಚಿನ ನೇರ ಕೊಳವೆಯದಾದರೆ ಫೇಸ್ ಲೇಪನ ಇರುವುದಿಲ್ಲ, ಹೆಸರು ಎಷ್ಟೇ ದೊಡ್ಡದಿರಲಿ ಇಂದಿನ ಮಧ್ಯಮ ದರ್ಜೆಯದು ಅದಕ್ಕಿಂತ ಚೆನ್ನಾಗಿ ತೋರಿಸುತ್ತದೆ.