ಹತ್ತರ ಕಟ್ಟು ಬಿಚ್ಚಬಾರದು

32ರಲ್ಲಿ 17 ಕಳೆಯುವುದನ್ನು ಎರಡನೇ ಕ್ಲಾಸಿನ ಮಗುವಿಗೆ ಕಲಿಸಲು ಬೇಕಾದದ್ದು ಸವೆದ ತೆಂಗಿನಗರಿ ಪೊರಕೆ ಒಂದೇ. ಕಡ್ಡಿಗಳನ್ನು ಬೆರಳುದ್ದ ಮುರಿದು, ಹತ್ತು ಹತ್ತು ಎಣಿಸಿ ಕಟ್ಟಬೇಕು. ಅದಕ್ಕೆ ರಬ್ಬರ್ ಬ್ಯಾಂಡ್ ಬೇಡ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಂಟಾಗಿ ಹರಿದುಹೋಗುತ್ತದೆ. ಬಾಳೆನಾರು ಸಾಕು, ತುದಿ ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು ಹಾಕಿ. ಮಗುವಿನ ಮುಂದೆ ಮೂರು ಕಟ್ಟು, ಎರಡು ಬಿಡಿ ಕಡ್ಡಿ. ಬಿಡಿಯಲ್ಲಿ ಏಳು ತೆಗಿ ಅಂದರೆ ಅದು ಮುಖ ನೋಡುತ್ತದೆ, ಇರುವುದೇ ಎರಡು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾನಾಗಿ ಒಂದು ಕಟ್ಟಿಗೆ ಕೈ ಹಾಕುತ್ತದೆ. ಬಿಡಿ ಹನ್ನೆರಡಾಯಿತು, ಏಳು ಹೋಗಿ ಐದು ಉಳಿಯಿತು. ಎರಡು ಕಟ್ಟಿನಲ್ಲಿ ಒಂದು ಹೋಗಿ ಒಂದು. ಉತ್ತರ 15. ‘ದಶಕದಿಂದ ಕಡ ತಗೋ’ ಅಂತ ಬೋರ್ಡಿನ ಮುಂದೆ ವಾರಗಟ್ಟಲೆ ಕೂಗಿದರೂ ತಲೆಗೆ ಹೋಗದ್ದು ಆ ಗಂಟು ಬಿಚ್ಚುವಾಗ ಹೋಗುತ್ತದೆ.

ಬಿಚ್ಚಲು ಸಿಗದ ಮಗು ಬೇರೆ ದಾರಿ ಹುಡುಕುತ್ತದೆ. ಎರಡರಲ್ಲಿ ಏಳು ಹೋಗದಿದ್ದರೇನು, ಏಳರಲ್ಲಿ ಎರಡು ಹೋಗುತ್ತದಲ್ಲ! ಐದು. ಮೂರರಲ್ಲಿ ಒಂದು ಹೋದರೆ ಎರಡು. ಉತ್ತರ 25.

ಇಷ್ಟು ಸುಲಭದ ಕೆಲಸಕ್ಕೆ ಗೌರವ ಬರಲೆಂದೇ ಕಲಿಕೋಪಕರಣ ಮೇಳ ಹುಟ್ಟಿದ್ದು. ಮೇಳದಲ್ಲಿ ಪೊರಕೆಕಡ್ಡಿಗೆ ಮರ್ಯಾದೆಯಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಥರ್ಮೋಕೋಲ್, ಜರಿ ಕಾಗದ, ಬಣ್ಣದ ಐಸ್‌ಕ್ರೀಂ ಕಡ್ಡಿ ತರಬೇಕು. ಹತ್ತು ಕಡ್ಡಿಯ ಕಟ್ಟನ್ನು ಬಿಸಿ ಅಂಟಿನಿಂದ ಹಲಗೆಗೆ ಬಿಗಿಯಬೇಕು, ಯಾಕೆಂದರೆ ತೀರ್ಪುಗಾರರು ಬರುವಾಗ ಒಂದೂ ಉದುರಬಾರದು. ಬಹುಮಾನ ಬಂದಮೇಲೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ದಾಸ್ತಾನು ವಹಿಗೆ ಏರಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಮೇಲೊಂದು ಚೀಟಿ: ‘ಮುಟ್ಟಬೇಡಿ.’ ಮಾಡಿ ಕಲಿಯುವ ಉಪಕರಣ ಸಿದ್ಧ.

1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ, ಚಟುವಟಿಕೆಯಿಂದ ಕಲಿಸುವ ‘ನಲಿಕಲಿ’ ಪದ್ಧತಿ ಶುರುವಾದಾಗ ಮಗು ತನ್ನ ಕಲಿಕೆಯ ಕಾರ್ಡನ್ನು ತಾನೇ ಎತ್ತಿಕೊಳ್ಳಬೇಕು ಎನ್ನುವುದೇ ಅದರ ಜೀವವಾಗಿತ್ತು. ತರಗತಿಯಲ್ಲಿ ದಾರ ಕಟ್ಟಿ ಮಾಡುವ ಕಲಿಕಾ ಚಪ್ಪರ ಇದ್ದದ್ದು ಮಕ್ಕಳು ಗೀಚಿದ್ದು, ಕತ್ತರಿಸಿದ್ದು ತೂಗುಹಾಕಲು. ಈಗ ಎಷ್ಟೋ ಕಡೆ ಅಲ್ಲಿ ಅಂಗಡಿಯಿಂದ ತಂದ ಚಾರ್ಟುಗಳು ತೂಗುತ್ತವೆ. ಮಕ್ಕಳ ತಲೆಯಿಂದ ಎರಡು ಅಡಿ ಮೇಲೆ, ತಪಾಸಣೆಗೆ ಬರುವವರ ಕಣ್ಣಿಗೆ ನೇರ.

ಇನ್ನು ಚಟುವಟಿಕೆಗಳ ವೇಳಾಪಟ್ಟಿ. ಅದನ್ನು ಬರೆದವರು ಘಟ್ಟದ ಮಳೆ ಕಂಡವರಲ್ಲ. ಕೋಲು ನೆಟ್ಟು ಗಂಟೆಗೊಮ್ಮೆ ನೆರಳು ಅಳೆಯುವ ಚಟುವಟಿಕೆ ಜುಲೈಗೆ ಬರುತ್ತದೆ. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಕಡೆ ಆ ತಿಂಗಳು ನೆರಳು ಬೀಳುವಂಥ ಬಿಸಿಲು ಅಪರೂಪದ ನೆಂಟ. ನೀರು ಆವಿಯಾಗುವುದನ್ನು ತೋರಿಸಲು ತಟ್ಟೆಯಲ್ಲಿ ಎರಡು ಲೋಟ ನೀರಿಟ್ಟು, ಮಟ್ಟಕ್ಕೆ ಗೆರೆ ಎಳೆದು, ಜಗಲಿಯಲ್ಲಿ ಬಿಡಬೇಕಂತೆ. ಗಾಳಿಯೇ ತೊಯ್ದಿರುವಾಗ ನೀರು ಎಲ್ಲಿಗೆ ಹೋದೀತು? ಮಾರನೆಯ ದಿನ ಎರಚಲು ಬಿದ್ದು ನೀರು ಗೆರೆಯ ಮೇಲೆ ಬಂದಿರುತ್ತದೆ. ಮಕ್ಕಳು ಕಂಡದ್ದನ್ನೇ ಬರೆಯುತ್ತಾರೆ: ‘ನೀರು ಹೆಚ್ಚಾಯಿತು.’ ಕೆಂಪು ಪೆನ್ನಿನ ಅಡ್ಡಗೆರೆ. ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಮೊಳಕೆಯ ಜೊತೆಗೆ ಬೂಷ್ಟನ್ನೂ ಬರಿಸಿಕೊಂಡಿರುತ್ತದೆ. ನಿಜಕ್ಕೂ ಅದು ಒಳ್ಳೆಯ ಪಾಠ, ಆದರೆ ನಮೂನೆಯಲ್ಲಿ ಬೂಷ್ಟಿಗೆ ಕಾಲಂ ಇಲ್ಲ.

‘ಸ್ಥಳೀಯ ವಸ್ತು ಬಳಸಿ’ ಎಂಬ ಸೂಚನೆಯೂ ಇದೆ. ಎಣಿಸಲು ಗೋಟಡಿಕೆ ಕೊಟ್ಟರೆ ಡೆಸ್ಕಿನಿಂದ ಉರುಳಿ ಬಾಗಿಲಾಚೆ ಹೋಗುತ್ತದೆ. ಗುಲಗಂಜಿ ನೋಡಲು ಚೆಂದ, ಆದರೆ ಸಿಪ್ಪೆ ಒಡೆದು ಹೊಟ್ಟೆಗೆ ಹೋದರೆ ವಿಷ, ಒಂದನೇ ಕ್ಲಾಸಿನ ಹತ್ತಿರ ಸುಳಿಯಲೇಬಾರದು. ಹುಣಸೆಬೀಜದಷ್ಟು ಒಳ್ಳೆಯದು ಬೇರೊಂದಿಲ್ಲ. ಉರುಳುವುದಿಲ್ಲ, ಒಂದು ಮಗ್ಗುಲು ತೇಯ್ದರೆ ಪಗಡೆಗೂ ಆಗುತ್ತದೆ. ಫೋಟೋದಲ್ಲಿ ಮಾತ್ರ ಕಪ್ಪು ಕಸದಂತೆ ಕಾಣುತ್ತದೆ, ಹಾಗಾಗಿ ಅನರ್ಹ.

ಕೊನೆಗೆ ಎಲ್ಲ ಬಂದು ನಿಲ್ಲುವುದು ಫೋಟೋಕ್ಕೇ. ದಿನಾಂಕ, ಅಕ್ಷಾಂಶ, ರೇಖಾಂಶ ಮೂಡಿದ ಫೋಟೋ ಮಧ್ಯಾಹ್ನದೊಳಗೆ ಗ್ರೂಪಿಗೆ ಬಿದ್ದರೆ ಚಟುವಟಿಕೆ ನಡೆದಂತೆ. ಅಂದು ಬೀರು ತೆರೆಯುತ್ತದೆ. ನಾಲ್ಕು ಮಕ್ಕಳು ಸುತ್ತ ಕೂರುತ್ತಾರೆ, ಒಬ್ಬ ಕಟ್ಟಿನ ಮೇಲೆ ಬೆರಳಿಡುತ್ತಾನೆ.

“ಟೀಚರ್, ಬಿಚ್ಲಾ?”

“ಬ್ಯಾಡ ಮಾರಾಯ, ಹಂಗೇ ಹಿಡ್ಕ. ಅಲ್ಲಾಡ್ಬೇಡ.”

ಟೀಚರನ್ನು ಬೈದು ಏನೂ ಆಗಬೇಕಿಲ್ಲ. ಅವರೊಬ್ಬರೇ ಮೂರು ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಸಿಗ್ನಲ್ ಸಿಗುವ ದರೆಯ ತುದಿಗೆ ಕೊಡೆ ಹಿಡಿದು ಹತ್ತಿ ಫೋಟೋ ಕಳಿಸಬೇಕು. ದೊಡ್ಡ ಫೋಟೋ ಹೋಗುವುದಿಲ್ಲ, ಕುಗ್ಗಿಸಿ ಕಳಿಸುತ್ತಾರೆ. ಐದು ನಿಮಿಷದಲ್ಲಿ ಮೇಲಿನಿಂದ ಎರಡು ಹೆಬ್ಬೆರಳು, ಒಂದು ಗುಲಾಬಿ. ಕುಗ್ಗಿಸದೇ ಇದ್ದಿದ್ದರೆ ಹಿಂದಿನ ಸಾಲಿನ ಹುಡುಗಿಯ ಸ್ಲೇಟಿನಲ್ಲಿ 25 ಅಂತ ಓದಬಹುದಿತ್ತು.