ತೃಪ್ತಿ ಬೇಕಾ, ಒತ್ತಡ ಬೇಕಾ?

ಗಲ್ಲಾಪೆಟ್ಟಿಗೆ ಹಿಂದಿನ ಮನುಷ್ಯ ಹೀಗೆ ಕೇಳಿದಾಗ ಯಾವುದೋ ಆಶ್ರಮಕ್ಕೆ ಬಂದುಬಿಟ್ಟೆನೇನೋ ಅನಿಸಿತು. ಬಂದಿದ್ದು ಯಶವಂತಪುರದ ಒಂದು ಜೆರಾಕ್ಸ್ ಅಂಗಡಿಗೆ. ಪಕ್ಕದಲ್ಲಿ ನನ್ನ ಸೋದರಳಿಯ ನಿಂತಿದ್ದ. ಏಪ್ರಿಲ್ ಬಿಸಿಲಲ್ಲಿ ಕಪ್ಪು ಕೋಟು, ಕುತ್ತಿಗೆಗೆ ಟೈ, ಎದೆ ಮೇಲೆ ಕಾಲೇಜಿನ ಲಾಂಛನ. ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದರಿಂದ ಬೆವರು ಟೈ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಎಂಬಿಎ ಕೊನೆ ಸೆಮಿಸ್ಟರು, ಎಚ್‌ಆರ್ ಅಂದರೆ ಮಾನವ ಸಂಪನ್ಮೂಲ ವಿಭಾಗ.

"ತೃಪ್ತಿ ಆದ್ರೆ 1800 ಸಾರ್. ಒತ್ತಡ 2200."

"ಒತ್ತಡಕ್ಕೆ ಯಾಕಪ್ಪಾ ಜಾಸ್ತಿ?"

"ಅದಕ್ಕೆ ಕಲರ್ ಚಾರ್ಟ್ ತುಂಬ ಬರುತ್ತೆ. ತೃಪ್ತಿಗೆ ಒಂದೇ ಬಣ್ಣ, ಎಲ್ಲಾ ಹಸಿರು."

ವಿಷಯ ಇಷ್ಟು. ಮಾನವ ಸಂಪನ್ಮೂಲ ಓದುವ ಮಕ್ಕಳು ಕೊನೆಗೊಂದು ಪ್ರಾಜೆಕ್ಟ್ ಮಾಡಬೇಕು. ಯಾವುದಾದರೂ ಕಂಪನಿಗೆ ಹೋಗಿ, ಅಲ್ಲಿನ ನೌಕರರನ್ನು ಮಾತಾಡಿಸಿ, ಅವರ ಕಷ್ಟಸುಖ ಅಳೆದು ವರದಿ ಬರೆಯಬೇಕು. ದರ್ಶಿನಿಯಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಇದ್ದ ಹಾಗೆ ಇಲ್ಲೂ ನಾಲ್ಕು ಐಟಂ: ನೌಕರರ ತೃಪ್ತಿ, ಕೆಲಸದ ಒತ್ತಡ, ತರಬೇತಿಯ ಪರಿಣಾಮ, ಕೆಲಸ ಬಿಟ್ಟು ಹೋಗುವವರ ಪ್ರಮಾಣ. ಕಂಪನಿ ಹೆಸರು ಬದಲಾಗುತ್ತದೆ, ಹಿಟ್ಟು ಒಂದೇ.

ಅಂಗಡಿಯವನ ಬೆನ್ನ ಹಿಂದಿನ ಕಪಾಟಿನಲ್ಲಿ ಮರೂನ್ ರಟ್ಟಿನ, ಚಿನ್ನದ ಅಕ್ಷರದ ಹಳೇ ವರದಿಗಳು ಸೂರಿನವರೆಗೆ ಪೇರಿಸಿದ್ದವು. ಪ್ರಿಂಟ್ ಆಗುವವರೆಗೆ ನಾಲ್ಕೈದು ತಿರುವಿ ಹಾಕಿದೆ. ಎಲ್ಲದರಲ್ಲೂ ಕೊನೆ ಅಧ್ಯಾಯದ ಮೊದಲ ಸಾಲು ಒಂದೇ: ಬಹುಪಾಲು ನೌಕರರು ತೃಪ್ತರಾಗಿದ್ದಾರೆ. ಅದರಲ್ಲೊಂದು ಪೀಣ್ಯ ಕಡೆಯ ಕಾರ್ಖಾನೆಯದು. ಆ ಕಾರ್ಖಾನೆ ನನಗೆ ಗೊತ್ತು, ವರದಿ ಬರೆದ ವರ್ಷವೇ ಬೀಗ ಬಿತ್ತು. ಗೇಟಿನ ಮುಂದೆ ಹೆಂಗಸರು ಪಿಎಫ್ ದುಡ್ಡಿಗಾಗಿ ಕೂತಿದ್ದನ್ನು ನಾನೇ ಕಂಡಿದ್ದೇನೆ. ಅವರೆಲ್ಲ ಅಷ್ಟೊಂದು ತೃಪ್ತರಾಗಿ ಕೂತಿದ್ದರು ಅಂತ ಇಷ್ಟು ವರ್ಷದ ಮೇಲೆ ತಿಳಿಯಿತು.

ಹುಡುಗ ಎಚ್‌ಆರ್ ತೆಗೆದುಕೊಂಡಿದ್ದು ಹೇಗೆ ಅಂತ ಹೇಳಬೇಕು. ಬಿಕಾಂ ಆದ ಮೇಲೆ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದವರ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದ. ಬಂದ ರ‍್ಯಾಂಕು ಫೋನ್ ನಂಬರಿನಷ್ಟು ಉದ್ದವಿತ್ತು. ಮ್ಯಾನೇಜ್‌ಮೆಂಟ್ ಓದಲು ಮ್ಯಾನೇಜ್‌ಮೆಂಟ್ ಕೋಟಾ ಹಿಡಿದೆವು. 1973ರಲ್ಲಿ ಶುರುವಾದ ಐಐಎಂ ಬನ್ನೇರುಘಟ್ಟ ರಸ್ತೆಯಲ್ಲಿದೆ, ವಾಸ್ತುಶಿಲ್ಪಿ ಬಿ.ವಿ. ದೋಶಿ ಕಟ್ಟಿಸಿದ ಕಲ್ಲಿನ ಪಡಸಾಲೆಗಳು, ಬಳ್ಳಿ ಹಬ್ಬಿದ ಅಂಗಳ. ಇವನ ಕಾಲೇಜು ಮೂರನೇ ಮಹಡಿಯಲ್ಲಿದೆ, ಕೆಳಗೆ ಟೈಲ್ಸ್ ಅಂಗಡಿ.

"ಯಾಕೋ ಎಚ್‌ಆರ್?" ಅಂತ ಕೇಳಿದ್ದೆ. ಮಾರ್ಕೆಟಿಂಗ್ ಆದರೆ ಬಿಸಿಲಲ್ಲಿ ಅಲೆಯಬೇಕಂತೆ, ಫೈನಾನ್ಸಿಗೆ ಲೆಕ್ಕ ಬರಬೇಕಂತೆ. "ನಂಗೆ ಜನ ಅಂದ್ರೆ ಇಷ್ಟ ಮಾವ" ಅಂದ. ಮನೆಗೆ ನೆಂಟರು ಬಂದರೆ ರೂಮಿನ ಬಾಗಿಲು ಹಾಕಿಕೊಂಡು, ಅವರು ಹೋದರಾ ಅಂತ ಅಮ್ಮನಿಗೆ ವಾಟ್ಸಾಪ್ ಮಾಡುವ ಹುಡುಗ ಇವನು.

ನನಗೆ ಮೊದಲಿಂದಲೂ ಮಾನವ ಸಂಪನ್ಮೂಲ ಅನ್ನುವ ಆ ಹೆಸರಿನ ಮೇಲೇ ಅನುಮಾನ. ಬಳ್ಳಾರಿಯ ಅದಿರು ಸಂಪನ್ಮೂಲ, ಕೋಲಾರದ ಚಿನ್ನ ಸಂಪನ್ಮೂಲ. ಸಂಪನ್ಮೂಲ ಅಂದರೆ ಅಗೆಯುವುದು. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು, ಸೈನೈಡ್ ದಿಬ್ಬಗಳು ಅಲ್ಲೇ ಉಳಿದವು, ಕೆಲಸಗಾರರ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಬರತೊಡಗಿದರು. ಮನುಷ್ಯನಿಗೆ ಈ ಹೆಸರಿಡುವಾಗ ಯಾರೂ ಅವನನ್ನೊಂದು ಮಾತು ಕೇಳಲಿಲ್ಲ.

ನಮ್ಮ ಕಾಲದಲ್ಲಿ ಎಚ್‌ಆರ್‌ಗೆ ಪರ್ಸೊನೆಲ್ ಡಿಪಾರ್ಟ್‌ಮೆಂಟ್ ಅಂತಿದ್ದರು. 500 ಜನ ಅಥವಾ ಅದಕ್ಕೆ ಮೇಲಿದ್ದರೆ ವೆಲ್‌ಫೇರ್ ಆಫೀಸರ್ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ನಮ್ಮಲ್ಲಿದ್ದವರು ದೇವರಂಥವರೇನಲ್ಲ. ಒಂದು ಕಿಸೆಯಲ್ಲಿ ಮೆಮೋ, ಇನ್ನೊಂದು ಕಿಸೆಯಲ್ಲಿ ಸಾಲದ ಅರ್ಜಿ ಇಟ್ಟುಕೊಂಡು ಶಾಪಿನಲ್ಲಿ ಓಡಾಡುತ್ತಿದ್ದರು, ಯಾವುದನ್ನು ಯಾವಾಗ ತೆಗೆಯುತ್ತಾರೋ ತಿಳಿಯುತ್ತಿರಲಿಲ್ಲ. ಆದರೆ ಯಾರ ಮಗಳ ಮದುವೆ ಯಾವಾಗ ಅನ್ನುವುದು ಗೊತ್ತಿರುತ್ತಿತ್ತು. ನಮ್ಮ ತೃಪ್ತಿ ಅಳೆಯಲು ಯಾರೂ ಫಾರಂ ಹಿಡಿದು ಬರಲಿಲ್ಲ. 1980ರ ಡಿಸೆಂಬರ್ ಕೊನೆಯಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಅನ್ನುವ ಸರ್ಕಾರಿ ಕಾರ್ಖಾನೆಗಳ ಗೇಟುಗಳ ಮುಂದೆ ಮುಷ್ಕರಕ್ಕೆ ನಿಂತ ಜನ 77 ದಿನ ಒಳಗೆ ಹೋಗಲಿಲ್ಲ. ನಾನು ಆಗ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಸ್ಯಾಂಪಲ್ ಸೈಜ್ ಲಕ್ಷ ದಾಟಿತ್ತು, ಚಾರ್ಟ್ ಹಾಕುವ ಅಗತ್ಯ ಬೀಳಲಿಲ್ಲ.

ಇವನ ನೋಟ್ಸು ಒಮ್ಮೆ ಓದಲು ತೆಗೆದುಕೊಂಡಿದ್ದೆ. ಶುರುವಿಗೇ ಟೇಲರ್ ಅನ್ನುವ ಮಹಾನುಭಾವ. 1911ರಲ್ಲಿ ವೈಜ್ಞಾನಿಕ ನಿರ್ವಹಣೆ ಅಂತ ಪುಸ್ತಕ ಬರೆದವನು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದ ಒಬ್ಬ ಕೂಲಿಯವನ ಪಕ್ಕ ಗಡಿಯಾರ ಹಿಡಿದು ನಿಂತು, ಎತ್ತು ಅಂದಾಗ ಎತ್ತಿಸಿ, ಕೂರು ಅಂದಾಗ ಕೂರಿಸಿ, ನಲವತ್ತೇಳೂವರೆ ಟನ್ ಹೊರಿಸಿದನಂತೆ. ಕೂಲಿ ಮಾತ್ರ 1.15 ಡಾಲರಿನಿಂದ 1.85ಕ್ಕೆ ಏರಿತು. ಕೆಲಸ ಹೆಚ್ಚು ಕಡಿಮೆ ನಾಲ್ಕು ಪಟ್ಟು, ದುಡ್ಡು ಎರಡು ಪಟ್ಟೂ ಇಲ್ಲ. ಈ ಲೆಕ್ಕವನ್ನು ಯಶವಂತಪುರ ಎಪಿಎಂಸಿಯಲ್ಲಿ ಯಾವನಾದರೂ ಹಮಾಲಿಗೆ ವಿವರಿಸಿ ನೋಡಿ, ಮೂಟೆ ನಿಮ್ಮ ಕಾಲ ಮೇಲೇ ಇಳಿಯುತ್ತದೆ. ನೋಟ್ಸಿನಲ್ಲಿ ಇದಕ್ಕೆ 'ಪರಸ್ಪರ ಲಾಭ' ಅಂತ ಹೆಸರು, ಹತ್ತು ಮಾರ್ಕಿನ ಪ್ರಶ್ನೆ.

ಆಮೇಲೆ ಹಾಥಾರ್ನ್ ಪ್ರಯೋಗ. ಷಿಕಾಗೋ ಹತ್ತಿರದ ಕಾರ್ಖಾನೆಯೊಂದರಲ್ಲಿ 1924ರಲ್ಲಿ ದೀಪ ಜೋರು ಮಾಡಿ ನೋಡಿದರಂತೆ, ಉತ್ಪಾದನೆ ಏರಿತು. ಮಂಕು ಮಾಡಿದರು, ಆಗಲೂ ಏರಿತು. ಪೀಣ್ಯದಲ್ಲಿ ಕರೆಂಟು ಪೂರ್ತಿ ತೆಗೆದೇ ಎಷ್ಟೋ ವರ್ಷ ಈ ಪ್ರಯೋಗ ನಡೆಯಿತು, ಯಾರೂ ಬರೆದಿಡಲಿಲ್ಲ.

ಕಾನೂನಿನ ಭಾಗ ಇನ್ನೂ ಸ್ವಾರಸ್ಯ. ಇವರು ಉರು ಹೊಡೆದಿದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. 2025ರ ನವೆಂಬರ್ 21ಕ್ಕೆ ಕೇಂದ್ರದವರು 29 ಕಾರ್ಮಿಕ ಕಾನೂನು ಸೇರಿಸಿ 4 ಸಂಹಿತೆ ಜಾರಿ ಮಾಡಿದರು. ಕಾಲೇಜಿನವರು ನೋಟ್ಸಿನ ಮೇಲಿನ ಹಾಳೆ ಒಂದನ್ನು ಬದಲಾಯಿಸಿದರು. ಹಳೇ ಕಾಯ್ದೆಯಲ್ಲಿ 'ಲೇ ಆಫ್' ಅಂದರೆ ಸದ್ಯಕ್ಕೆ ಕೆಲಸವಿಲ್ಲ, ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಅರ್ಧ ಸಂಬಳ ಬರುತ್ತದೆ ಅಂತ. ಅದೇ ಮಾತಿಗೆ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳಲ್ಲಿ ಅರ್ಥ ಬೇರೆ: ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯಲು ಹೋದರೆ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ನನ್ನ ಅಳಿಯನಿಗೆ ಎರಡೂ ಅರ್ಥ ಗೊತ್ತು. ಮೊದಲನೆಯದು ಪರೀಕ್ಷೆಗೆ, ಎರಡನೆಯದು ಕೆಲಸಕ್ಕೆ ಅಂತಾನೆ.

ಅಂಗಡಿಗೆ ವಾಪಸ್ ಬರೋಣ. ನಾವು ನಿಂತಿದ್ದಾಗಲೇ ಇವನ ಗೈಡು ಬಂದರು. ನಲವತ್ತರ ಆಸುಪಾಸು, ಭುಜಕ್ಕೆ ಬ್ಯಾಗು, ಕೈಯಲ್ಲಿ ಹೆಲ್ಮೆಟ್ಟು. ಗೆಸ್ಟ್ ಲೆಕ್ಚರರ್. ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಕ್ಲಾಸಿಗೆ ಇಷ್ಟು ಅಂತ ಸಂಬಳ. ಅಂಗಡಿಯಲ್ಲಿ ತಮ್ಮ ವಿದ್ಯಾರ್ಥಿಯನ್ನು ಕಂಡು ಗಾಬರಿಯಾಗುತ್ತಾರೇನೋ ಅಂತ ನಾನು ಕಾದೆ. "ಯಾವುದು, ತೃಪ್ತಿನಾ? ಒಳ್ಳೇದು. ಹೋದ ವರ್ಷದ ತಾರೀಕು ಉಳಿದುಬಿಡುತ್ತೆ, ನೋಡ್ಕೋ" ಅಂದರಷ್ಟೇ.

ಬೈಟು ಕಾಫಿ ಹಿಡಿದು ಮಾತಿಗೆ ಕೂತೆವು. ಅವರು ಪಾಠ ಮಾಡುವುದು ಪ್ರೇರಣೆಯ ಬಗ್ಗೆ. ಮಾಸ್ಲೋ ಅನ್ನುವವನ ಪ್ರಕಾರ ಮನುಷ್ಯನಿಗೆ ಮೊದಲು ಅನ್ನ, ನೀರು, ನಿದ್ದೆ. ಆಮೇಲೆ ಭದ್ರತೆ, ನಂಟು, ಗೌರವ, ತುತ್ತತುದಿಯಲ್ಲಿ ತನ್ನನ್ನು ತಾನು ಕಂಡುಕೊಳ್ಳುವುದು. ಪುಸ್ತಕಗಳಲ್ಲಿ ಇದನ್ನೊಂದು ತ್ರಿಕೋನವಾಗಿ ಬರೆದಿರುತ್ತಾರೆ, ಐದು ಮೆಟ್ಟಿಲು.

"ನಂಗೆ ಮೂರು ತಿಂಗಳಿಂದ ಸಂಬಳ ಆಗಿಲ್ಲ ಸಾರ್. ಮೊದಲನೇ ಮೆಟ್ಟಿಲಲ್ಲಿ ನಿಂತ್ಕೊಂಡು ಐದನೇ ಮೆಟ್ಟಿಲಿನ ಪಾಠ ಮಾಡ್ತಿದೀನಿ" ಅಂತ ನಕ್ಕರು. ಒಳ್ಳೇ ಮನುಷ್ಯ, ಓದಿಕೊಂಡವರು. "ಇನ್ನೊಂದು ತಮಾಷೆ ಗೊತ್ತಾ? 1943ರ ಅವನ ಲೇಖನದಲ್ಲಿ ಆ ತ್ರಿಕೋನವೇ ಇಲ್ಲ. ಆಮೇಲೆ ಬಂದವರು ಬರೆದಿದ್ದು. ಅದನ್ನ ಕ್ಲಾಸಲ್ಲಿ ಹೇಳಿದೆ. ಪರೀಕ್ಷೆಯಲ್ಲಿ ಒಬ್ಬ ಹುಡುಗಿ ತ್ರಿಕೋನ ಬರೀದೆ ಬಂದ್ಲು, ಎರಡು ಮಾರ್ಕ್ಸ್ ಹೋಯ್ತು."

"ಸಂಬಳ ಕೇಳಲಿಲ್ವಾ?" ಅಂದೆ.

"ಕೇಳಿದೆ. ಕಾಲೇಜಿನ ಎಚ್‌ಆರ್ ಹತ್ರ ಮಾತಾಡಿ ಅಂದ್ರು. ಎಚ್‌ಆರ್ ನನ್ನ ಹಳೇ ಸ್ಟೂಡೆಂಟು. 'ಸಾರ್, ಪ್ರೇರಣೆ ಒಳಗಿಂದ ಬರಬೇಕು ಅಂತ ನೀವೇ ಹೇಳಿಕೊಟ್ಟಿದ್ದು' ಅಂದ."

ಅಳಿಯ ನಿಜವಾದ ಕಾರ್ಖಾನೆಗೆ ಹೋಗಲೇ ಇಲ್ಲ ಅಂದುಕೊಳ್ಳಬೇಡಿ, ಹೋಗಿದ್ದ. ಕೋಟು ಹಾಕಿಕೊಂಡೇ ಹೋಗಿದ್ದ. ಗೇಟಿನಲ್ಲಿ ಸೆಕ್ಯುರಿಟಿಯವನು ಒಂದೂವರೆ ಗಂಟೆ ನಿಲ್ಲಿಸಿ ಆಮೇಲೆ ಒಳಗೆ ಬಿಟ್ಟ. ಎಚ್‌ಆರ್ ಮ್ಯಾನೇಜರು ನೀರು ಕೊಡಿಸಿ, ಅನುಮತಿ ಪತ್ರಕ್ಕೆ ಸೀಲು ಒತ್ತಿ, ಒಂದೇ ಷರತ್ತು ಹಾಕಿದರಂತೆ: ನೌಕರರನ್ನು ಮಾತಾಡಿಸುವ ಹಾಗಿಲ್ಲ, ಕೆಲಸ ಕೆಡುತ್ತದೆ. ಹಾಗಾದರೆ ತೃಪ್ತಿ ಅಳೆಯುವುದು ಹೇಗೆ ಸಾರ್ ಅಂತ ಇವನು ಕೇಳಿದ್ದಕ್ಕೆ, "ನಾನೂ ತೃಪ್ತಿನೇ ಮಾಡಿದ್ದು ಕಣಪ್ಪಾ" ಅಂತ ಈ ಜೆರಾಕ್ಸ್ ಅಂಗಡಿಯ ನಂಬರು ಬರೆದುಕೊಟ್ಟರು.

ಫಾರಂ ಮಾತ್ರ ನಾವೇ ತುಂಬಿಸಬೇಕು. ಅಂಗಡಿಯವನು ಅಷ್ಟು ಮಾತ್ರಕ್ಕೆ ನಿಯತ್ತಿನ ಮನುಷ್ಯ. 25 ಪ್ರಶ್ನೆ, ಪ್ರತಿಯೊಂದಕ್ಕೂ ಐದು ಚೌಕ: ಪೂರ್ಣ ಒಪ್ಪುತ್ತೇನೆ ಅನ್ನುವಲ್ಲಿಂದ ಸುತರಾಂ ಒಪ್ಪುವುದಿಲ್ಲ ಅನ್ನುವವರೆಗೆ. 1932ರಲ್ಲಿ ಲಿಕರ್ಟ್ ಅನ್ನುವವನು ಕಂಡುಹಿಡಿದ ಅಳತೆಗೋಲು. ಮನುಷ್ಯನ ಸಂಕಟಕ್ಕೆ ಐದೇ ಚೌಕ ಸಾಕು ಅಂತ ಅವನಿಗೆ ಯಾರು ಹೇಳಿದರೋ. ಅಳಿಯ 86 ತುಂಬಿ ಸುಸ್ತಾಗಿದ್ದ. "ಮಾವ, ಇನ್ನು ಹದಿನಾಲ್ಕು ನೀವು ಹಾಕಿಕೊಡ್ತೀರಾ? ನಿಮ್ಮ ಟಿಕ್ ಬೇರೆ ಥರ ಇದೆ" ಅಂದ.

ಮತ್ತಿಕೆರೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ನೀಲಿ, ಕಪ್ಪು, ಹಸಿರು ಮೂರು ಪೆನ್ನು ಇಟ್ಟುಕೊಂಡು ಕೂತೆ. ಮೊದಲನೇ ಫಾರಮ್ಮಿನಲ್ಲಿ ನಾನು 26 ವರ್ಷದ ಅವಿವಾಹಿತ ಯುವತಿ, ಮಾರ್ಕೆಟಿಂಗ್ ವಿಭಾಗ. ಕ್ಯಾಂಟೀನ್ ಊಟ ಹೇಗಿದೆ ಅಂತ ಪ್ರಶ್ನೆ. ಪಾಪ, ಆ ಹುಡುಗಿಗೆ ಸಾಂಬಾರು ಖಾರವಾಗುತ್ತದೋ ಏನೋ ಅಂತ ಪೆನ್ನು ಹಿಡಿದು ಯೋಚಿಸುತ್ತ ಕೂತರೆ "ಮಾವ, ಟಿಕ್ ಹಾಕಿ ಅಷ್ಟೇ" ಅಂತ ಗದರಿದ. ಆಮೇಲೆ ನಾನು ಸ್ಟೋರ್ಸಿನ ಗುಮಾಸ್ತನಾದೆ, ಇಬ್ಬರು ಮಕ್ಕಳ ತಾಯಿಯಾದೆ, ಎರಡು ಸಲ ಡ್ರೈವರ್ ಆದೆ. ಎಲ್ಲರನ್ನೂ ತೃಪ್ತಿಪಡಿಸಿದೆ.

ಹದಿನಾಲ್ಕನೆಯವನು ಮೆಷಿನ್ ಶಾಪ್, 20 ವರ್ಷಕ್ಕಿಂತ ಹೆಚ್ಚು ಅನುಭವ. ಹದಿನೆಂಟನೇ ಪ್ರಶ್ನೆ: ನಿಮಗೆ ಬಡ್ತಿ ನ್ಯಾಯವಾಗಿ, ಸಕಾಲದಲ್ಲಿ ಸಿಕ್ಕಿದೆಯೇ? ನನ್ನ ಬಡ್ತಿ ಫೈಲು ಹನ್ನೊಂದು ವರ್ಷ ಒಂದೇ ಮೇಜಿನ ಮೇಲೆ ಕೂತಿತ್ತು. ಕೈ ತನ್ನಷ್ಟಕ್ಕೆ ಕೊನೇ ಚೌಕಕ್ಕೆ ಹೋಯಿತು. ಕಾಗದ ಹರಿದು ಗೀರು ಮೇಜಿನ ಬಟ್ಟೆಗೂ ಬಿತ್ತು. ಅಲ್ಲಿಂದ ಮುಂದಿನ ಏಳು ಪ್ರಶ್ನೆಗೂ ಅದೇ ಚೌಕ.

"ಮಾವ! ಗ್ರಾಫ್ ಹಾಳಾಗುತ್ತೆ!"

"ಆಗ್ಲಿ ಬಿಡೋ."

ಅಂಗಡಿಯವನಿಗೆ ಫೋನು ಹೋಯಿತು. ಅವನು ಅನುಭವಸ್ಥ. "ಒಂದು ಪರ್ಸೆಂಟ್ ತಾನೇ, ಇರ್ಲಿ ಬಿಡಿ. ಪೂರಾ 100 ಬಂದ್ರೆ ಯಾರೂ ನಂಬಲ್ಲ" ಅಂದ. ಹಸಿರು ವೃತ್ತದೊಳಗೆ ಸೂಜಿಯಂಥ ಒಂದು ಕೆಂಪು ಗೆರೆ ಎಳೆದುಕೊಟ್ಟ. ಅದಕ್ಕೆ ಮೇಲೆ 50 ರೂಪಾಯಿ.

ವೈವಾ ಹತ್ತು ನಿಮಿಷವೂ ಹಿಡಿಯಲಿಲ್ಲವಂತೆ. ಹೊರಗಿನಿಂದ ಬಂದ ಪರೀಕ್ಷಕರು ರಟ್ಟು ಸವರಿ, ನೂರೇ ಜನರನ್ನು ಯಾಕೆ ತೆಗೆದುಕೊಂಡೆ ಅಂತ ಕೇಳಿದರು. ಶೇಕಡಾ ಲೆಕ್ಕ ಸುಲಭ ಆಗುತ್ತೆ ಸಾರ್ ಅಂದ. ಆ ಪ್ರಾಮಾಣಿಕತೆಗೆ ಅವರು ತಲೆದೂಗಿದರು. ಆಮೇಲೆ ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಈ ಒಬ್ಬರ ವಿಷಯದಲ್ಲಿ ಸಂಸ್ಥೆ ಏನು ಮಾಡಬೇಕು?" ಅಂದರು. ವರದಿಯ 71ನೇ ಪುಟದಲ್ಲಿ ಉತ್ತರ ಸಿದ್ಧವಿತ್ತು: ಒಂದು, ಆಪ್ತ ಸಮಾಲೋಚನೆ. ಎರಡು, ಯೋಗ. ಮೂರು, ಫನ್ ಫ್ರೈಡೇ. ಬಡ್ತಿಯ ಮಾತು ಪಟ್ಟಿಯಲ್ಲಿರಲಿಲ್ಲ.

ಡಿಸ್ಟಿಂಕ್ಷನ್ ಬಂತು. ಕೆಲಸವೂ ಸಿಕ್ಕಿತು, ಬೊಮ್ಮನಹಳ್ಳಿ ಕಡೆ ಯಾವುದೋ ಕನ್ಸಲ್ಟೆನ್ಸಿಯಲ್ಲಿ ಎಚ್‌ಆರ್ ಎಕ್ಸಿಕ್ಯುಟಿವ್. ದಿನಕ್ಕೆ 120 ಜನಕ್ಕೆ ಫೋನು ಮಾಡಿ "ಬೈಕ್ ಇದ್ಯಾ? ಡಿಎಲ್ ಇದ್ಯಾ?" ಅಂತ ಕೇಳಬೇಕು. ಮೂರನೇ ಪ್ರಶ್ನೆಗೆ ಹೆಚ್ಚಿನವರು ಕಾಯುವುದಿಲ್ಲ.

ಕಳೆದ ಶುಕ್ರವಾರ ಸಂಜೆ ಏಳೂವರೆಗೆ ಕಾಲಿಂಗ್ ಬೆಲ್ಲಾಯಿತು. ಬಾಗಿಲಲ್ಲಿ ಅಳಿಯ, ಒಂದು ಕೈಯಲ್ಲಿ ಪಿಜ್ಜಾ ಡಬ್ಬಿ, ಇನ್ನೊಂದರಲ್ಲಿ ಎರಡು ಬಲೂನು.

"ಏನೋ ಇದು?"

"71ನೇ ಪುಟ, ಮೂರನೇ ಸಲಹೆ, ಮಾವ."

ಒಳಗೆ ಕರೆದೆ. ಹರಿದ ಮೇಜಿನ ಬಟ್ಟೆಯ ಮೇಲೇ ಡಬ್ಬಿ ಬಿಚ್ಚಿದ. ಒಂದು ತುಂಡು ತಿಂದೆ, ಚೀಸು ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡಿತು. ನೀರು ಕುಡಿಯುವಷ್ಟರಲ್ಲಿ ಅವನು ಫೋನು ಕೈಗೆತ್ತಿಕೊಂಡು ನನ್ನ ಮುಖ ನೋಡುತ್ತಿದ್ದ.

"ಈಗ ಹೇಗನ್ಸುತ್ತೆ ಮಾವ? ಒಂದರಿಂದ ಐದರೊಳಗೆ ಹೇಳಿ."