ಹುರುಳಿ ಒಕ್ಕಿದ ಸೂಪರ್‌ಬೈಕು

ಈ ನಾಡಿನಲ್ಲಿ ಸಮಾನತೆ ಬರುವುದೇ ಇಲ್ಲ ಎಂದು ಕೊರಗುವವರು 2023ರ ಆಗಸ್ಟ್ 1ನೇ ತಾರೀಖನ್ನು ಮರೆತಿದ್ದಾರೆ. ಅಂದಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು ಮತ್ತು ಎಂಜಿನ್ನೇ ಇಲ್ಲದ ಗಾಡಿಗಳು ಹತ್ತುವಂತಿಲ್ಲ. ಹತ್ತಿದರೆ 500 ರೂಪಾಯಿ ದಂಡ. ವೇಗದ ವಾಹನಗಳ ನಡುವೆ ನಿಧಾನದ ವಾಹನಗಳಿಗೆ ಅಪಾಯ ಎಂಬುದು ಹೆದ್ದಾರಿ ಪ್ರಾಧಿಕಾರ ಕೊಟ್ಟ ಕಾರಣ. ಅಪಾಯವೇನೋ ನಿಜ, ಆ ರಸ್ತೆಯಲ್ಲಿ ಮನೆಯವರನ್ನು ಕಳೆದುಕೊಂಡವರು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂರು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುವ ಸಾವಿರ ಸಿಸಿ ಬೈಕೂ, ಬೆಳಿಗ್ಗೆ ಹೊರಟರೆ ಸಂಜೆಗೆ ಸಂತೆ ಮುಟ್ಟುವ ಎತ್ತಿನ ಗಾಡಿಯೂ ಒಂದೇ ಪಂಕ್ತಿಯಲ್ಲಿ ಕೂತದ್ದನ್ನು ಯಾರೂ ಗಮನಿಸಲಿಲ್ಲ. ಹನ್ನೆರಡನೇ ಶತಮಾನದಿಂದ ಆಗದೆ ಉಳಿದ ಕೆಲಸ ಒಂದು ಅಧಿಸೂಚನೆಯಲ್ಲಿ ಮುಗಿಯಿತು.

ಈ ಸಹಪಂಕ್ತಿಯಿಂದ ಎಲ್ಲರಿಗಿಂತ ಹೆಚ್ಚು ನೊಂದವರು ನಮ್ಮ ವೇಗಾಚಾರ್ಯರು. ಇದು ಒಬ್ಬನ ಹೆಸರಲ್ಲ, ಒಂದು ಪಂಗಡದ ಹೆಸರು. ಭಾನುವಾರ ಬೆಳಗಿನ ಜಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗಾಡಿ ಗುರುಗುಟ್ಟಿಸಿ, ಹನ್ನೊಂದನೇ ಮಹಡಿಯಲ್ಲಿ ಆಗಷ್ಟೇ ನಿದ್ದೆಹೋದ ಕೂಸನ್ನು ಎಬ್ಬಿಸಿ ಹೊರಡುವುದು ಪಂಗಡದ ಮೊದಲ ಲಕ್ಷಣ. ತಲೆಯ ಮೇಲೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ, ಕ್ಯಾಮೆರಾದಾಚೆ ಲಕ್ಷಾಂತರ ‘ಗೈಸ್’. ವಯಸ್ಸು ಇಪ್ಪತ್ಮೂರು, ಗಾಡಿ ಇಪ್ಪತ್ತು ಲಕ್ಷ, ದುಡ್ಡು ಅಪ್ಪನದು. ಗಾಡಿಯ ಗರಿಷ್ಠ ವೇಗ ಗಂಟೆಗೆ 299 ಕಿ.ಮೀ. ಮುನ್ನೂರು ದಾಟಿಸುವುದು ಬೇಡ ಎಂದು ಬೈಕು ತಯಾರಕರು ತಮ್ಮತಮ್ಮಲ್ಲೇ ಮಾಡಿಕೊಂಡ ಹಳೆಯ ಒಪ್ಪಂದವದು. ಬಾಟಾ ಚಪ್ಪಲಿಯ ಬೆಲೆಯಂತೆ ಕೇಳಿಸುತ್ತದೆ, ನಿಜ. ಹಾಗೆಂದು ಆಚಾರ್ಯರ ಮುಂದೆ ಹೇಳಬೇಡಿ.

ಬೈಕಿನ ವೇಗದ ಮಾತು ಬಂದದ್ದರಿಂದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಮರಳುಗಾಡು ಹಾಯುವ ಡಾಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರ್ತಿ ಓಡಿಸಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಬಾಹಾ ಎಂಬ ಕಚ್ಚಾ ದಾರಿಯ ರೇಸುಗಳ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದ ಐಶ್ವರ್ಯಾ ಪಿಸ್ಸೆ ಕೂಡ ಇಲ್ಲಿಯವರೇ. ಇಂಥವರು ಮರಳು, ಕಲ್ಲು, ಗುಂಡಿ ಹಾದು ಬಂದವರು, ಸರ್ವಿಸ್ ರಸ್ತೆಯಲ್ಲಿ ವೀಲಿಂಗ್ ಮಾಡಿ ಎಳನೀರು ಗಾಡಿಯವನನ್ನು ಹೆದರಿಸಿದವರಲ್ಲ. ಆಚಾರ್ಯರ ಪಂಗಡ ಬೇರೆ.

ಸರಿ, ಎಕ್ಸ್‌ಪ್ರೆಸ್‌ವೇ ಸುಮಾರು 118 ಕಿ.ಮೀ. ಮೂರು ಗಂಟೆಯ ದಾರಿ ಒಂದೂಕಾಲು ಗಂಟೆಗೆ ಇಳಿಯಿತು ಎಂದು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆ ಆಯಿತು. ವಾರ ತುಂಬುವ ಮೊದಲೇ ಮಳೆ ಬಂದು ರಾಮನಗರದ ಬಳಿ ಕೆಳಸೇತುವೆಯಲ್ಲಿ ನೀರು ನಿಂತು, ಒಂದೂಕಾಲು ಗಂಟೆಯವರೂ ಗಂಟೆಗಟ್ಟಲೆ ನಿಂತರು. ಅದು ಹಾಗಿರಲಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಈ ಊರುಗಳು ಈಗ ಹಸಿರು ಬೋರ್ಡಿನ ಮೇಲಿನ ಬಿಳಿ ಅಕ್ಷರಗಳು. ಚನ್ನಪಟ್ಟಣದಲ್ಲಿ ರಸ್ತೆ ಬದಿಗೆ ಜೋಡಿಸಿಟ್ಟ ಮರದ ಕುದುರೆಗಳು ಬೆಂಗಳೂರಿನ ಮಕ್ಕಳ ದಾರಿ ನೋಡುತ್ತಿವೆ. ಮಕ್ಕಳು ಮೇಲೆ ಕಾರಿನಲ್ಲಿ ಮೊಬೈಲ್ ನೋಡುತ್ತಾ ದಾಟಿಹೋಗುತ್ತಾರೆ. ಮದ್ದೂರು ವಡೆಯದಂತೂ ಇನ್ನೂ ವಿಚಿತ್ರ. ಸ್ಟೇಷನ್ನಿಗೆ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ, ಪಕೋಡ ಕರಿಯಲು ಪುರುಸೊತ್ತಿಲ್ಲದೆ ಇದ್ದಬದ್ದ ಹಿಟ್ಟು ಕಲಸಿ ತಟ್ಟಿ ಎಣ್ಣೆಗೆ ಬಿಟ್ಟರಂತೆ, ಅದೇ ಮದ್ದೂರು ವಡೆ ಆಯಿತಂತೆ. ಅವಸರದಲ್ಲಿ ಹುಟ್ಟಿದ ವಡೆಯ ವ್ಯಾಪಾರವನ್ನು ಈಗ ಅವಸರವೇ ತಿನ್ನುತ್ತಿದೆ.

ಎಕ್ಸ್‌ಪ್ರೆಸ್‌ವೇ ಮೇಲೆ ಬಿಡದ ಕಾರಣ ಈ ಪಂಗಡದ ಒಬ್ಬ ಆಚಾರ್ಯರು ಒಂದು ಭಾನುವಾರ ಕೆಳಗಿನ ಸರ್ವಿಸ್ ರಸ್ತೆ ಹಿಡಿದರು. ಎದುರಿನಿಂದ ಬರಬಾರದ ಟೆಂಪೋ ಎದುರಿನಿಂದಲೇ ಬಂತು. ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಎಳೆದುಕೊಂಡು, ಹಿಂದಿನವರಿಗೆ ರಸ್ತೆ ಎಂಬುದೊಂದು ಕಲ್ಪನೆ ಎನ್ನುವಂತೆ ಮಾಡಿ ಸಾಗುತ್ತಿತ್ತು. 299ರ ಗಾಡಿ ಮದ್ದೂರಿನ ತನಕ ಮೂವತ್ತೈದರಲ್ಲೇ ಬಂತು. ರೋಸಿಹೋದ ಆಚಾರ್ಯರು ‘ಗೈಸ್, ಈಗ ರಿಯಲ್ ಕರ್ನಾಟಕ ನೋಡೋಣ’ ಎಂದು ನಾಗಮಂಗಲದ ಕಡೆ ಒಳದಾರಿಗೆ ತಿರುಗಿಸಿದರು. ರಿಯಲ್ ಕರ್ನಾಟಕ ಒಂದು ಹಂಪಿನ ರೂಪದಲ್ಲಿ ಕಾದಿತ್ತು.

ಹಂಪು ಹೇಗಿರಬೇಕೆಂದು ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಮೇಲ್ಮೈ ಸಣ್ಣಗೆ ದುಂಡಗೆ, ಇಪ್ಪತ್ತೈದರ ವೇಗದಲ್ಲಿ ದಾಟಿದರೆ ಕೈಯಲ್ಲಿನ ಕಾಫಿ ಚೆಲ್ಲಬಾರದು. ನಮ್ಮ ಹೋಬಳಿಗಳ ಹಂಪಿಗೆ ಇದಾವುದೂ ಗೊತ್ತಿಲ್ಲ. ಯಾವುದೋ ಗಾಡಿ ಯಾರದೋ ಮೇಕೆಯನ್ನು ಮುಗಿಸಿದ ಸಂಜೆ ಊರವರು ಸೇರುತ್ತಾರೆ. ಅವತ್ತಿನ ಸಿಟ್ಟು ಎಷ್ಟೆತ್ತರವೋ ಹಂಪೂ ಅಷ್ಟೆತ್ತರ. ಮಗು ಬಿದ್ದಿದ್ದರೆ ಇನ್ನೊಂದು ಪದರ. ಬಿಳಿ ಪಟ್ಟೆ ಬಳಿಯುವುದು ಇಲಾಖೆಯ ಕೆಲಸ, ಇಲಾಖೆ ಬರುವುದಿಲ್ಲ. ಹೀಗೆ ಕಾಣದ, ಅಳತೆಯಿಲ್ಲದ, ಯಾರ ಕಡತದಲ್ಲೂ ಇಲ್ಲದ ಹಂಪಿನ ಮೇಲೆ, ನೆಲದಿಂದ ಹದಿಮೂರು ಸೆಂಟಿಮೀಟರ್ ಎತ್ತರದ ಹೊಟ್ಟೆಯ ಬೈಕು ತಕ್ಕಡಿ ತೂಗುತ್ತಾ ನಿಂತುಬಿಟ್ಟಿತು. ಮುಂದಿನ ಗಾಲಿ ಮದ್ದೂರು ತಾಲ್ಲೂಕಿನಲ್ಲಿ, ಹಿಂದಿನದು ಗಾಳಿಯಲ್ಲಿ. ಕ್ರಿಕೆಟ್ ಆಡುತ್ತಿದ್ದ ಹುಡುಗರು ನಾಲ್ವರು ಬಂದು ಎತ್ತಿ ಇಳಿಸಿ, ಏನೂ ಹೇಳದೆ ಆಟಕ್ಕೆ ಮರಳಿದರು. ಅವರಿಗಿದು ಹೊಸದಲ್ಲ.

ಮುಂದಿನ ತಿರುವಿನಲ್ಲಿ ಹುರುಳಿ. ಡಿಸೆಂಬರ್ ತಿಂಗಳು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಮೊಣಕಾಲೆತ್ತರ ಹುರುಳಿ ಗಿಡ ಹರಡಿತ್ತು. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು, ಜಾರಿ ಬಿದ್ದು ಜನ ಸತ್ತಿದ್ದಾರೆ, ಬಳ್ಳಿ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದ್ದೂ ಉಂಟು. ಪೊಲೀಸರು ಪ್ರತಿ ಸುಗ್ಗಿಯಲ್ಲೂ ಹೇಳುತ್ತಾರೆ. ಸಗಣಿ ಸಾರಿಸಿದ ಊರಕಣ ಎಲ್ಲಿ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ, ಕೇಳಿದರೆ ಅದರ ಮೇಲೆ ಸೈಟು ಹೊಡೆದವರ ಹೆಸರು ಹೇಳಬೇಕಾಗುತ್ತದೆ. ಆಚಾರ್ಯರು ಹೆದರುತ್ತಾ ಒಂದನೇ ಗೇರಿನಲ್ಲಿ ಒಳಗೆ ನುಗ್ಗಿ, ಎರಡೂ ಕಾಲು ಊರುತ್ತಾ, ಅಂತೂ ಆ ಬದಿಗೆ ಹೊರಬಂದರು. ಮೊರ ಹಿಡಿದು ನಿಂತಿದ್ದ ಅಜ್ಜಿ ಹಿಂದಿನ ಟೈರನ್ನೇ ನೋಡುತ್ತಿದ್ದರು.

‘ನಿಲ್ಲುಸ್ಬ್ಯಾಡ ಕಣ್ಮಗ. ಅಂಗೇ ತಿರುಗುಸ್ಕಂಡು ಇನ್ನೆಲ್ಡು ದಪ ಬಂದ್ಬುಡು. ನಿನ್ ಗಾಲಿ ಅಗ್ಲವಾಗದೆ, ಹುಳ್ಳಿ ಚೆಂದಾಗ್ ಉದುರ್ತದೆ.’

ಆಚಾರ್ಯರು ಬೇಡವೆನ್ನಲಿಲ್ಲ, ಕ್ಯಾಮೆರಾ ಓಡುತ್ತಿತ್ತಲ್ಲ. ಎರಡನೇ ಸುತ್ತಿಗೆ ಬಳ್ಳಿ ಚೈನಿಗೆ ಸುತ್ತಿಕೊಂಡಿತು, ಸೈಲೆನ್ಸರ್ ಹೊಗೆಯಾಡಿತು, ಹುರಿದ ಹುರುಳಿಯ ಘಮ ಬಂತು. ಗಾಡಿಯ ಪರದೆಯ ಮೇಲೆ ಯಾರೂ ಕಂಡರಿಯದ ಕೆಂಪು ದೀಪಗಳೆಲ್ಲ ಹತ್ತಿಕೊಂಡವು. ಒಬ್ಬ ರೈತ ಕುಡುಗೋಲಿನಿಂದ ಬಳ್ಳಿ ಕೊಯ್ದು ಬಿಡಿಸಿದ. ಬಳ್ಳಿ ಬಂತು, ಜೊತೆಗೆ ಯಾವುದೋ ವೈರೂ ಬಂತು. ಕಂಪನಿಯವರಿಗೆ ಫೋನ್ ಮಾಡಿದರೆ ‘ಸರ್, ಲೊಕೇಶನ್ ಕಳಿಸಿ’ ಎಂದರು. ಲೊಕೇಶನ್ ಕಳಿಸಲು ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕು. ಹತ್ತಿ ಇಳಿದು ಟೀ ಅಂಗಡಿಯ ಬೆಂಚಿನ ಮೇಲೆ ಕೂತರು.

ಅಲ್ಲಿ ಪರೀಕ್ಷೆ ಶುರುವಾಯಿತು.

‘ಲೀಟ್ರಿಗೆ ಎಷ್ಟ್ ಕೊಡ್ತದಣ್ಣ?’

‘ಹದಿನೈದು.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೊಬ್ಬರು ‘ಲಾರಿಗಿಂತ ವಾಸಿ ಬುಡಿ’ ಎಂದು ಸಮಾಧಾನ ಹೇಳಿದರು. ರೇಟು ಕೇಳಿದ ಮೇಲೆ ಎರಡು ಟ್ರ್ಯಾಕ್ಟರು ಬರುತ್ತಿದ್ದವು ಎಂಬ ಲೆಕ್ಕ ಬಂತು. ಹಾಲಿನ ಕ್ಯಾನು ಎಲ್ಲಿ ಕಟ್ಟುತ್ತೀರಿ ಎಂಬ ಪ್ರಶ್ನೆಗೆ ಆಚಾರ್ಯರ ಬಳಿ ಉತ್ತರವಿರಲಿಲ್ಲ. ಎದುರಿಗೇ ಒಬ್ಬ ಟಿವಿಎಸ್ ಎಕ್ಸ್‌ಎಲ್ ಮೇಲೆ ಹೆಂಡತಿ, ಎರಡು ಹೊರೆ ಹುಲ್ಲು, ಒಂದು ಕುರಿಮರಿ ಹೇರಿಕೊಂಡು ಅದೇ ಹುರುಳಿಯ ಮೇಲೆ ಬೀಡಿ ಸೇದುತ್ತಾ ಹಾದುಹೋದ. ಆಚಾರ್ಯರ ತಾಳ್ಮೆ ಕಡಿಯಿತು.

‘ನಾನು ಯಾರು ಅಂತ ಗೊತ್ತಾ ನಿಮಗೆ?’

ಬೆಂಗಳೂರಿನಲ್ಲಿ ಇದು ಬೆದರಿಕೆ. ಮಂಡ್ಯ ಜಿಲ್ಲೆಯಲ್ಲಿ ಇದು ನೆಂಟಸ್ತಿಕೆಯ ಆರಂಭ. ‘ಯಾರ ಮಗ ಕಣಪ್ಪ ನೀನು?’ ಎಂದು ಹಿರಿಯರೊಬ್ಬರು ಬೆಂಚಿನ ಮೇಲೆ ಹತ್ತಿರ ಸರಿದರು. ಅಪ್ಪನ ಹೆಸರು, ತಾತನ ಹೆಸರು, ತಾತನ ಊರು ಎಲ್ಲ ಹೊರಬಿತ್ತು. ತಾತ ಮದ್ದೂರಿನ ಹತ್ತಿರದವರೇ. ಅವರ ಎರಡೆಕರೆ ಹೆದ್ದಾರಿಗೆ ಹೋಯಿತು. ಹೆದ್ದಾರಿಯ ಪರಿಹಾರದಲ್ಲಿ ಮೊಮ್ಮಗನಿಗೆ ಬೈಕು ಬಂತು. ಬೈಕಿಗೆ ಹೆದ್ದಾರಿಯ ಮೇಲೆ ಪ್ರವೇಶವಿಲ್ಲ. ಹಿರಿಯರು ಇದನ್ನು ಮೊದಲಿಂದ ಕೊನೆಗೆ ಒಮ್ಮೆ, ಕೊನೆಯಿಂದ ಮೊದಲಿಗೆ ಒಮ್ಮೆ ಬಿಡಿಸಿ ನೋಡಿದರು. ಆಮೇಲೆ ಟೀ ದುಡ್ಡು ತಾವೇ ಕೊಟ್ಟರು.

ಸಂಜೆ ಕಂಪನಿಯ ಲಾರಿ ಬಂದು ಬೈಕನ್ನು ಮಲಗಿಸಿಕೊಂಡು ಹೋಯಿತು, ಎಕ್ಸ್‌ಪ್ರೆಸ್‌ವೇ ಮೇಲೆಯೇ. ಲಾರಿ ನಿಷೇಧದ ಪಟ್ಟಿಯಲ್ಲಿಲ್ಲ, ನಿಯಮದಲ್ಲಿ ದೋಷವೂ ಇಲ್ಲ.

ಆಚಾರ್ಯರ ಗರ್ವ ಇಳಿಯಿತು ಎಂದುಕೊಂಡಿರಾ? ಬುಧವಾರ ವಿಡಿಯೋ ಬಂತು. ‘ನನ್ನ ಲೈಫನ್ನೇ ಬದಲಾಯಿಸಿದ ಹಳ್ಳಿ’ ಎಂದು ಹೆಸರು. ಹಿಂದೆ ಪಿಟೀಲು ಅಳುತ್ತದೆ, ಅಜ್ಜಿಯ ಮುಖ ನಿಧಾನಗತಿಯಲ್ಲಿ ನಗುತ್ತದೆ, ಆಚಾರ್ಯರು ಕಣ್ಣೊರೆಸಿಕೊಂಡು ‘ಸಿಂಪಲ್ ಆಗಿರೋದನ್ನ ಕಲಿತೆ ಗೈಸ್’ ಎನ್ನುತ್ತಾರೆ, ನಡುವೆ ಒಂದು ಹೆಲ್ಮೆಟ್ಟಿನ ಜಾಹೀರಾತು ಬಂದು ಹೋಗುತ್ತದೆ. ವಿನಯಕ್ಕೆ ವೀಲಿಂಗ್‌ಗಿಂತ ಹೆಚ್ಚು ಲೈಕು ಬಂದಿತಂತೆ. ಪಂಗಡದ ಉಳಿದವರಿಗೆ ಹೊಟ್ಟೆಕಿಚ್ಚಾಗಿ, ತಮ್ಮ ಗರ್ವವನ್ನೂ ಅಲ್ಲೇ ಇಳಿಸಿಕೊಳ್ಳಲು ಸಾಲಾಗಿ ಹೊರಡುವ ಯೋಚನೆಯಲ್ಲಿದ್ದಾರೆ.

ಊರಿಗೆ ಸುದ್ದಿ ಮುಟ್ಟಿದೆ. ಹುರುಳಿ ಒಕ್ಕಿ ಮೂಟೆ ಕಟ್ಟಿ ಆಗಿತ್ತು. ಭಾನುವಾರಕ್ಕೆಂದು ಶನಿವಾರ ರಾತ್ರಿಯೇ ರಸ್ತೆಗೆ ರಾಗಿ ತೆನೆ ಹಾಸಿಟ್ಟಿದ್ದಾರೆ. ಇಪ್ಪತ್ತು ಗಾಡಿ ಬರಬಹುದು ಎಂದಾಗ ಅಜ್ಜಿ, ಪಕ್ಕದ ಬೀದಿಯವರಿಗೂ ತೆನೆ ತರಲು ಹೇಳಿ ಕಳಿಸಿದರಂತೆ.